ಅಮ್ಮ ಹೇಳಿದ್ದು, ಫೈಲಿನಲ್ಲಿದ್ದದ್ದು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅಮ್ಮ ದೇವರ ಮನೆಯ ಹೊಸಿಲಲ್ಲಿ ಗೋಡೆ ಹಿಡಿದು ನಿಂತಳು. ಅಂದು ದ್ವಾದಶಿ. ಹಿಂದಿನ ದಿನದ ಉಪವಾಸ ಮುಗಿಸಲು ಎಲೆ ಹಾಕಿಯಾಗಿತ್ತು. ಅಗಸೆ ಸೊಪ್ಪಿನ ಪಲ್ಯದ ಒಗ್ಗರಣೆಯ ವಾಸನೆ ನಡುಮನೆಯವರೆಗೂ ಬಂದಿತ್ತು. "ಯಾಕೋ ಉಸಿರು ಸಿಗ್ತಿಲ್ಲ ಕಣೆ" ಎಂದಳು, ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ.

ಅವಳನ್ನು ಹಿಡಿದು ಕೂರಿಸಿದಾಗ ಏನೋ ಇಲ್ಲ ಅನ್ನಿಸಿತು. ಕೆಲವು ವರ್ಷಗಳ ಹಿಂದೆ ಅವಳ ಹೃದಯಕ್ಕೆ ಲೋಹದ ಕವಾಟ ಹಾಕಿದ್ದರು. ಅಂದಿನಿಂದ ಪಕ್ಕದಲ್ಲಿ ಕೂತರೆ ಕೈಗಡಿಯಾರದಂಥ ಟಕ್ ಟಕ್ ಕೇಳಿಸುತ್ತಿತ್ತು. "ನಿಮ್ಮಮ್ಮ ಕಳ್ಳತನಕ್ಕೆ ಹೋಗೋ ಹಾಗಿಲ್ಲ" ಎಂದು ಅಪ್ಪ ಚುಡಾಯಿಸುತ್ತಿದ್ದರು. ಈಗ ಎದೆಗೆ ಕಿವಿಯಾನಿಸಿದರೂ ಆ ಸದ್ದು ಬಟ್ಟೆಯಲ್ಲಿ ಸುತ್ತಿಟ್ಟಂತೆ ಮಂಕಾಗಿತ್ತು.

ಆಟೊ ಗಾಂಧಿ ಬಜಾರ್ ದಾಟುವಾಗ ಹೂವಿನವರು ಬುಟ್ಟಿ ಇಳಿಸುತ್ತಿದ್ದರು. ಅಮ್ಮ ನನ್ನ ಭುಜಕ್ಕೊರಗಿ, ಪಾರಣೆ ಹೊತ್ತು ಮೀರುತ್ತದೆ ಎಂದು ಗೊಣಗುತ್ತಿದ್ದಳು. ಅವಳ ಉಗುರುಗಳು ನೀಲಿಗಟ್ಟಿದ್ದನ್ನು ನೋಡಿ ನಾನು ಅವಳ ಕೈಯನ್ನು ಸೆರಗಿನೊಳಗೆ ಮುಚ್ಚಿದೆ. ಮುಂದೆ ಕೂತಿದ್ದ ಅಪ್ಪ ತಿರುಗಿದರೆ ಕಾಣಬಾರದಲ್ಲ.

ಆಸ್ಪತ್ರೆಯ ಡ್ಯೂಟಿ ಡಾಕ್ಟರು ಹೆಚ್ಚುಕಡಿಮೆ ನನ್ನ ವಯಸ್ಸಿನ ಹುಡುಗಿ. ಹಳೆಯ ಫೈಲು ತಿರುವಿ ಕೇಳಿದಳು. "ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದಾರೆ. ದಿನಾ ತಗೋತೀರಾ?"

"ತಗೋತೀನಿ" ಎಂದಳು ಅಮ್ಮ.

"ಸೂರ್ಯ ಬೇಕಾದ್ರೆ ತಡವಾಗಿ ಹುಟ್ಟಬಹುದು ಡಾಕ್ಟ್ರೇ, ಇವಳ ಮಾತ್ರೆ ತಪ್ಪಲ್ಲ" ಎಂದರು ಅಪ್ಪ.

ಫೈಲಿನಲ್ಲೂ ಪ್ರತಿ ಭೇಟಿಯ ಕೆಳಗೆ ಅದೇ ಮಾತು: ಮಾತ್ರೆ ಕ್ರಮವಾಗಿ ತೆಗೆದುಕೊಳ್ಳುತ್ತಾರೆ, ಸೊಪ್ಪು ತಿನ್ನುವುದಿಲ್ಲ. ಸೊಪ್ಪು ಆ ಮಾತ್ರೆಯ ಬಲ ಕುಗ್ಗಿಸುತ್ತದೆ ಎಂದು ಮೊದಲ ದಿನವೇ ಹೇಳಿದ್ದರು. ಹಾಗಾಗಿ ಕವಾಟದ ತೊಂದರೆ ಇರಲಾರದು, ಶ್ವಾಸಕೋಶದ ಸೋಂಕಿರಬೇಕು, ವಾರ್ಡಿಗೆ ಹಾಕಿ ನೋಡೋಣ ಎಂದಳು ಡಾಕ್ಟರು. ಆಯಾ ಗಾಲಿಮಂಚ ತಿರುಗಿಸಿದಳು.

"ಸದ್ದು ಕಡಿಮೆಯಾಗಿದೆ" ಎಂದೆ.

"ಯಾವ ಸದ್ದು?"

ಹೇಳಿದೆ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿ ಕೇಳಿದಳು. ಅದನ್ನು ಜರುಗಿಸಿ ಮತ್ತೆ ಕೇಳಿದಳು. ಆಮೇಲೆ ಅಮ್ಮನ ಹತ್ತಿರ ಬಗ್ಗಿ, "ನಿನ್ನೆ ಮಾತ್ರೆ ಎಷ್ಟೊತ್ತಿಗೆ ತಗೊಂಡ್ರಿ?" ಎಂದಳು.

"ನಿನ್ನೆ ಏಕಾದಶಿ ಅಲ್ವೇನಮ್ಮ" ಎಂದಳು ಅಮ್ಮ, ಇಷ್ಟು ತಿಳಿಯದೇ ಎಂಬಂತೆ. "ಊಟ ಆದ್ಮೇಲೆ ತಗೋಬೇಕು ಅಂತ ನೀವೇ ಬರ್ದಿದೀರಿ. ಊಟನೇ ಇಲ್ದಿದ್ರೆ?"

ಅಪ್ಪ ಅವಳ ಕಡೆ ತಿರುಗಿದರು.

"ತಿಂಗಳಿಗೆ ಎಷ್ಟು ಉಪವಾಸ ಮಾಡ್ತೀರಿ?" ಎಂದಳು ಡಾಕ್ಟರು.

"ವಿಷ್ಣುಪಂಚಕ ಹಿಡಿದಿದೀನಿ. ಎರಡು ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ, ಶ್ರವಣ ನಕ್ಷತ್ರ. ಆಪರೇಷನ್ ಆದಾಗ ಹರಸ್ಕೊಂಡಿದ್ದು."

"ಸೊಪ್ಪು?"

"ತಿನ್ನಲ್ಲ. ದ್ವಾದಶಿ ದಿನ ಅಗಸೆ ಒಂದು. ಅದು ಪಾರಣೆಗೆ."

ಅವಳು ಸುಳ್ಳು ಹೇಳಿರಲಿಲ್ಲ. ಏಕಾದಶಿ ಅವಳಿಗೆ ಮಾತ್ರೆಯ ದಿನವಾಗಿರಲಿಲ್ಲ, ಅಗಸೆ ಊಟದ ಪಲ್ಯವಾಗಿರಲಿಲ್ಲ. ಕವಾಟ ಉಳಿಯಲೆಂದು ಹಿಡಿದ ವ್ರತವೇ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿಸುತ್ತಾ ಬಂದಿತ್ತು.

ಎಕೋ ಸ್ಕ್ಯಾನಿನ ಪರದೆಯ ಮೇಲೆ ಅದು ಕಂಡಿತು: ತೆರೆದು ಮುಚ್ಚಬೇಕಾದ ಕವಾಟದ ಎರಡು ಎಲೆಗಳಲ್ಲಿ ಒಂದು ಅಲುಗಾಡದೆ ನಿಂತಿತ್ತು. ಹೆಪ್ಪು ಕರಗಿಸುವ ಔಷಧಿ ಹಾಕಿದರು. ಕರಗುವಾಗ ಒಂದು ಚೂರು ಕಿತ್ತುಕೊಂಡು ಮೆದುಳಿಗೆ ಹೋದರೂ ಮುಗಿಯಿತು ಎಂದು ಹೇಳಿ, ಅಪ್ಪನಿಂದ ಸಹಿ ಹಾಕಿಸಿಕೊಂಡರು. ನಾವು ಬಾಗಿಲ ಗಾಜಿನಿಂದ ಅಮ್ಮನ ಮುಖ ನೋಡುತ್ತಾ ನಿಂತೆವು. ಬಾಯಿ ವಾರೆಯಾಗುತ್ತದೆಯೋ, ಕೈ ಬೀಳುತ್ತದೆಯೋ ಎಂದು. ಅವಳು ಆಕಳಿಸಿದಾಗಲೆಲ್ಲ ನಾನು ಗಾಜಿಗೆ ಹಣೆಯಾನಿಸಿ ಬಾಯಿ ನೇರವಾಗುವುದನ್ನು ಕಾಯುತ್ತಿದ್ದೆ.

ಅವಳು ಉಳಿದಳು. ಬಿಡುಗಡೆಯ ಕಾಗದದಲ್ಲಿ ಯಾರೋ ಹಳೆಯದನ್ನೇ ನಕಲು ಮಾಡಿದ್ದರು: ಮಾತ್ರೆ ಕ್ರಮವಾಗಿ ತೆಗೆದುಕೊಳ್ಳುತ್ತಾರೆ. ನಾನು ವಾಪಸ್ಸು ಹೋಗಿ ತಿದ್ದಿಸಿಕೊಂಡು ಬಂದೆ.

ಮನೆಯಲ್ಲಿ ಇನ್ನೊಂದು ಯುದ್ಧ. "ಮಠದಲ್ಲಿ ಕೇಳ್ಕೊಂಡು ಬಂದಿದೀನಿ. ಉಪವಾಸದ ದಿನ ಔಷಧಿ ತಗೊಂಡ್ರೆ ದೋಷ ಇಲ್ವಂತೆ" ಎಂದರು ಅಪ್ಪ.

"ಯಾರು ಹೇಳಿದ್ದು?"

"ಆಚಾರ್ರು."

"ಅವರಿಗೇನು, ಹೇಳ್ತಾರೆ. ವ್ರತ ನಂದು."

ಮುಂದಿನ ಏಕಾದಶಿಗೆ ಮಾತ್ರೆ ನುಂಗಿದೆ ಎಂದಳು. ನಾನು ನೋಡಿರಲಿಲ್ಲ. ಮರುದಿನ ಪಾರಣೆಯ ಸೊಪ್ಪು ಎಲೆಯ ತುದಿಗೆ ಬಡಿಸಿಕೊಂಡು, ತಿನ್ನದೆ ಎತ್ತಿಟ್ಟೆ ಎಂದಳು. ಅದನ್ನೂ ನೋಡಿರಲಿಲ್ಲ. ಕತ್ತಲಾದರೆ ಉಸಿರಾಡುತ್ತಿದ್ದಾಳೆಯೇ ಎಂದು ಅವಳ ಮೂಗಿನ ಹತ್ತಿರ ಕೈ ಹಿಡಿದು ಕೂರುವುದು ನನಗೆ ಅಭ್ಯಾಸವಾಗಿತ್ತು. ಹಗಲು ಅವಳು ಹೇಳಿದ ಪ್ರತಿ ಮಾತಿನ ಹಿಂದೆ ಹೇಳದ್ದೇನಿದೆ ಎಂದು ಹುಡುಕುತ್ತಿದ್ದೆ. ಕೇಳಿದರೆ, "ಪೊಲೀಸಿಗೆ ಸೇರ್ಕೊಂಬಿಡು" ಎನ್ನುತ್ತಿದ್ದಳು.

ದ್ವಾದಶಿಯ ಮರುದಿನ ಅವಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದೆ. ಸಂಜೆ ಫಲಿತಾಂಶ ಬಂತು. ರಕ್ತ ಇರಬೇಕಾದಷ್ಟೇ ತೆಳುವಾಗಿತ್ತು. ಅಮ್ಮ ನುಂಗಿದ್ದಳು. ಅಂದು ನಾನು ಮಲಗಿದವಳು ಹಾಲಿನವನು ಬಾಗಿಲು ತಟ್ಟಿದಾಗಲೇ ಎದ್ದದ್ದು.