ಬೋರ್ಡು ಹೊತ್ತು ನಡೆದ ವಾಚರ್

ಬೆಟ್ಟದ ವಾಚರ್ ಆಗುವ ಮೊದಲು ಸುತ್ತಿಗೆಯಣ್ಣ ಹದಿನೆಂಟು ವರ್ಷ ಅದೇ ಬೆಟ್ಟವನ್ನು ಒಡೆಯುತ್ತಿದ್ದ. ಹಿಂಬದಿಯ ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸ. ಆ ಸದ್ದಿಗೆ ಎಡಗಿವಿ ಪೂರಾ ರಾಜೀನಾಮೆ ಕೊಟ್ಟಿತು; ಬಲಗಿವಿ ಹೆಂಡತಿ ಮಾತಾಡುವಾಗ ಮಾತ್ರ ರಜೆ ಹಾಕುತ್ತಿತ್ತು. ದನಿಯೋ, ಅವನು ಮೇಲೆ ಕೆಮ್ಮಿದರೆ ಕೆಳಗಿನ ನಿಲ್ದಾಣದಲ್ಲಿ ಜನ ಬಸ್ಸು ಬಂತೆಂದು ಚೀಲ ಎತ್ತಿಕೊಳ್ಳುತ್ತಿದ್ದರು.

ಕಿವಿ ಹೋದ ಮೇಲೆ ಕ್ವಾರಿ ಬಿಟ್ಟು ಅರಣ್ಯ ಇಲಾಖೆ ಸೇರಿದ. ಕಾಯಬೇಕಾದದ್ದು ನೆತ್ತಿಯ ಬಂಡೆಬಿರುಕಿನಲ್ಲಿ ಬೆಳೆಯುವ, ಹೆಬ್ಬೆರಳುದ್ದದ ಒಂದು ಗಿಡವನ್ನು. ಅದರ ಶಾಸ್ತ್ರೀಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಹೂವೇ ಉದುರುತ್ತಿತ್ತು. ವರ್ಷಕ್ಕೆ ಹನ್ನೊಂದು ದಿನ ಕಡಲೆಕಾಳಿನಷ್ಟು ನೀಲಿ ಹೂ. ಬೇರೆಲ್ಲೂ ಇಲ್ಲ, ಇಲ್ಲಿರುವುದೂ ಹತ್ತೊಂಬತ್ತೇ. ಒಂದು ಗಿಡ ಉಳಿದಿರುವವರೆಗೂ ಕ್ವಾರಿ ನೆತ್ತಿಯ ಕಡೆ ಕೈ ಚಾಚುವಂತಿಲ್ಲ ಎಂದು ಸರ್ಕಾರದ ಆದೇಶವಿತ್ತು.

ಹೀಗಿರುವಾಗ ಇಲಾಖೆ ಅಲ್ಲೊಂದು ಬೋರ್ಡು ನೆಟ್ಟಿತು: 'ಅತ್ಯಪರೂಪದ ಗಿಡ. ಮುಟ್ಟಬೇಡಿ.' ಅದುವರೆಗೆ ಪ್ರವಾಸಿಗಳು ಆ ಗಿಡವನ್ನು ಕಣ್ಣೆತ್ತಿಯೂ ನೋಡಿರಲಿಲ್ಲ. ಈಗ ಒಬ್ಬ ಫೋಟೋ ತೆಗೆಯಲು ಅದರ ಪಕ್ಕ ಹೊಟ್ಟೆ ಮೇಲೆ ಮಲಗಿದ, ಇನ್ನೊಬ್ಬಳು ನೆನಪಿಗಿರಲಿ ಎಂದು ಒಂದನ್ನು ಬೇರುಸಹಿತ ಕಿತ್ತುಕೊಂಡು ಹೋದಳು. ಒಂದೇ ಹಂಗಾಮಿನಲ್ಲಿ ಹತ್ತೊಂಬತ್ತು ಇದ್ದದ್ದು ಎಂಟಾಯಿತು.

ಸುತ್ತಿಗೆಯಣ್ಣ ಮೂರು ಸಲ ಕಚೇರಿಗೆ ಹೋದ.

"ಬೋರ್ಡು ಹಾಕೋಕೆ ಫಾರಂ ಇದೆ ಅಣ್ಣಾ," ಎಂದ ಗುಮಾಸ್ತ. "ತೆಗೆಯೋಕೆ ಫಾರಮ್ಮೇ ಇಲ್ವಲ್ಲ!"

ಸೋಮವಾರ ಬೆಟ್ಟಕ್ಕೆ ಪ್ರವೇಶವಿಲ್ಲ. ಅಂದು ಹಾರೆ ಹಾಕಿ ಬೋರ್ಡು ಮೀಟಿ, ಹೆಗಲ ಮೇಲೆ ಹೊತ್ತು ಇಳಿದು, ಪಾರ್ಕಿಂಗ್ ಜಾಗದ ಅಂಚಿನಲ್ಲಿ ಕತ್ತೆಯೂ ಮೂಸದ ಕಳೆಯ ನಡುವೆ ನೆಟ್ಟುಬಿಟ್ಟ. ಅಂದಿನಿಂದ ಕಳೆಗೆ ಶುಕ್ರದೆಸೆ. ಕಾರಿನಿಂದ ಇಳಿದವರು ಅದನ್ನು ನೋಡಿ, ಕೃತಾರ್ಥರಾಗಿ, ಬೆಟ್ಟ ಹತ್ತದೆಯೇ ಹಿಂದಿರುಗತೊಡಗಿದರು.

"ದೂರ ನಿಲ್ಲಿ ಸಾರ್, ಉಸಿರು ತಾಗಿದ್ರೂ ಬಾಡತ್ತೆ," ಎಂದು ಸುತ್ತಿಗೆಯಣ್ಣ ಗಂಭೀರವಾಗಿ ಗದರಿಸುತ್ತಿದ್ದ. ನಿವೃತ್ತ ಮೇಷ್ಟರೊಬ್ಬರು ಅದರ ಮುಂದೆ ಕಣ್ಣೊರೆಸಿಕೊಂಡದ್ದೂ ಉಂಟು.

ಎರಡು ವರ್ಷ ಹೀಗೇ ಕಳೆಯಿತು. ಆಮೇಲೆ ಗಿಡ ಎಣಿಸಲು ಹೊಸ ಅಧಿಕಾರಿ ಮೇಡಂ ಬಂದರು. ಜೊತೆಗೆ ಕ್ವಾರಿಯ ಮ್ಯಾನೇಜರ್. ಇಬ್ಬರೂ ನೇರವಾಗಿ ಬೋರ್ಡಿನ ಬಳಿಯೇ ನಿಂತರು.

"ಇದು ಬರೀ ಕಳೆ ಅಲ್ವೇನ್ರೀ?"

"ಅದನ್ನೇ ಮೇಡಂ ನಾನು ಬಡ್ಕೊಳ್ತಿರೋದು!" ಎಂದ ಮ್ಯಾನೇಜರ್. "ಗಿಡ ಸತ್ತು ಯಾವ ಕಾಲ ಆಯ್ತೋ. ಸೊನ್ನೆ ಅಂತ ಬರೀರಿ, ನಾವು ಯಂತ್ರ ತರ್ತೀವಿ."

ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಸುತ್ತಿಗೆಯಣ್ಣನಿಗೆ ನಿವೃತ್ತಿಗೆ ಇನ್ನೆರಡೇ ವರ್ಷ. ಬಾಯಿ ಬಿಟ್ಟರೆ ಸರ್ಕಾರಿ ಸ್ವತ್ತು ಕಿತ್ತ ಅಪರಾಧ. ಮುಚ್ಚಿಕೊಂಡಿದ್ದರೆ ನೆತ್ತಿಗೆ ಡ್ರಿಲ್ಲು. ಆ ಡ್ರಿಲ್ಲು ಎಷ್ಟು ಆಳಕ್ಕೆ ಹೋಗುತ್ತದೆಂದು ಅವನಷ್ಟು ಬಲ್ಲವರು ಅಲ್ಲಿ ಯಾರೂ ಇರಲಿಲ್ಲ.

"ಬೋರ್ಡು ಕಿತ್ತು ಇಲ್ಲಿ ನೆಟ್ಟಿದ್ದು ನಾನೇ ಮೇಡಂ. ಗಿಡ ಮೇಲಿದೆ." ತಾನು ಪಿಸುಗುಟ್ಟಿದೆನೆಂದೇ ಅವನು ತಿಳಿದಿದ್ದ. ಪಾರ್ಕಿಂಗಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನೆತ್ತಿಯಲ್ಲಿ ಮೇಡಂ ಮಂಡಿಯೂರಿ ಎರಡೆರಡು ಸಲ ಎಣಿಸಿದರು. ಮೂವತ್ತೊಂದು.

"ಇವನೇ ತಂದು ನೆಟ್ಟಿರ್ತಾನೆ!" ಎಂದ ಮ್ಯಾನೇಜರ್.

"ನೆಟ್ರೆ ಬರೋ ಗಿಡ ಆಗಿದ್ರೆ ನಮ್ಮ ನರ್ಸರೀಲಿ ಒಂದಾದ್ರೂ ಬದುಕ್ತಿತ್ತು, ಸುಮ್ನಿರಿ."

ಮೇಡಂ ಒಂದು ಹಾಳೆಯಲ್ಲಿ ಮೂವತ್ತೊಂದು ಎಂದು ಬರೆದರು. ಮುಂದಿನ ಹಾಳೆಯಲ್ಲಿ ಸುತ್ತಿಗೆಯಣ್ಣನಿಗೆ ಮೆಮೊ. "ಎರಡನ್ನೂ ಬರೀಲೇಬೇಕು, ಬೇಜಾರು ಮಾಡ್ಕೋಬೇಡಿ," ಎಂದರು. ಬೋರ್ಡು ಮಾತ್ರ ಇದ್ದಲ್ಲೇ ಇರಲಿ ಎಂದು ಬಾಯಿಮಾತಿನಲ್ಲಿ ಹೇಳಿ ಇಳಿದು ಹೋದರು.

"ಬೋರ್ಡು ಗಾಳಿಗೆ ಹಾರ್ತು ಅಂತ ಮೆಮೊಗೆ ಉತ್ತರ ಬರೀರಿ," ಎಂದಳು ಮನೆಯಲ್ಲಿ ಹೆಂಡತಿ.

"ಒಂದು ಮೈಲಿ ಹಾರಿ ನೆಟ್ಟಗೆ ನಿಂತ್ಕೊಳ್ತಾ ಅದು?"

"ನೀವು ಪಾರ್ಕಿಂಗಲ್ಲಿ ದಿನಾ ಹೇಳೋ ಸುಳ್ಳಿಗಿಂತ ಇದು ಸಣ್ಣದೇ ಬಿಡಿ."

ಅವನು ನಿಜವನ್ನೇ ಬರೆದ. ಒಂದು ತಿಂಗಳು ಅಮಾನತಾಯಿತು.

ಮೂರನೆಯ ದಿನಕ್ಕೆ ಹೆಂಡತಿಯೇ ಅವನನ್ನು ಮನೆಯಿಂದ ಓಡಿಸಿದಳು. ಎಲ್ಲರಂತೆ ಟಿಕೆಟ್ ತೆಗೆದುಕೊಂಡು ಬೆಟ್ಟ ಹತ್ತಿದ. ತಿರುವಿನಲ್ಲಿ ಬದಲಿ ವಾಚರ್ ಅಡ್ಡಗಟ್ಟಿದ. ಬೇರೆ ವಿಭಾಗದಿಂದ ಬಂದವನು, ಇವನ ಗುರುತಿಲ್ಲ.

"ಮೇಲೆ ಏನೂ ಇಲ್ಲ ಯಜಮಾನ್ರೇ. ಅಪರೂಪದ ಗಿಡ ಕೆಳಗಡೆ ಪಾರ್ಕಿಂಗ್ ಹತ್ರ ಇದೆ."

"ಹೌದಾ?" ಎಂದ ಸುತ್ತಿಗೆಯಣ್ಣ. ಪಾರ್ಕಿಂಗ್ ಕಡೆಗೆ ಇಳಿದು ಬಂದ.