ಸಕ್ಕರೆ ಹಾಕದ ಪುನರ್ಪುಳಿ

1971ರಲ್ಲಿ ಏಳನೇ ತರಗತಿಗೆ ನನ್ನ ಓದು ನಿಂತಿತು. ಉಡುಪಿಯ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ದುಡಿದು, ಮಣಿಪಾಲದಲ್ಲಿ ಸ್ವಂತ ಶರಬತ್ತಿನ ಅಂಗಡಿ ಇಟ್ಟೆ. ಯಾರ ಶಿಫಾರಸೂ ಇರಲಿಲ್ಲ. ಲಿಂಬೆ, ಶುಂಠಿ, ಸೋಡಾ, ಪುನರ್ಪುಳಿ ಎಂಬ ನಮ್ಮೂರ ಕೆಂಪು ಹುಳಿಹಣ್ಣು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕೆಂದು ನನಗೆ ಹೇಳಿಕೊಡುವವರು ಈ ಕಡೆ ಇಲ್ಲ ಎಂದೇ ತಿಳಿದಿದ್ದೆ.

ಕಾರ್ಕಳದ ನಿವೃತ್ತ ಮಾಷ್ಟ್ರೊಬ್ಬರು ತಿಂಗಳಿಗೊಮ್ಮೆ ಮಣಿಪಾಲದ ಆಸ್ಪತ್ರೆಗೆ ರಕ್ತ ಪರೀಕ್ಷೆಗೆ ಬರುತ್ತಿದ್ದರು. ನನ್ನ ಬೆಂಚಿನ ಮೇಲೆ ಕುಳಿತು ಬರೀ ನೀರು ಕೇಳುವರು. ಅವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ ನಾನು ಪಾನಕ ಮಾಡಿ ಎದುರಿಗಿಟ್ಟು, ಒಂದು ಚಮಚ ಸಕ್ಕರೆ ಸಹ ಹಾಕಿಲ್ಲ, ಎಲ್ಲ ಬೆಲ್ಲವೇ ಎಂದೆ. ಅವರು ಲೋಟವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು.

"ಬೆಲ್ಲ ಎಂತ, ಕಲ್ಲಿನಿಂದ ಬರ್ತದಾ ಮಾರಾಯ? ಅದೂ ಕಬ್ಬೇ ಅಲ್ವಾ? ನೀನು ಇನ್ನೆರಡು ವರ್ಷ ಶಾಲೆಗೆ ಹೋಗಬೇಕಿತ್ತು."

ನಮ್ಮ ಮನೆಯಲ್ಲಿ ಬೆಲ್ಲವನ್ನು ಯಾರೂ ಸಕ್ಕರೆಯ ಲೆಕ್ಕಕ್ಕೆ ಹಿಡಿದವರಲ್ಲ. ಮಾಷ್ಟ್ರ ಮಾತು ಚುಚ್ಚಿತು. ಆದರೆ ಅದಕ್ಕಿಂತ ಹೆಚ್ಚಾಗಿ, ಎರಡೂ ಇಲ್ಲದೆ ನಾಲಗೆಗೆ ಏನು ಸಿಗಬಹುದು ಎಂಬ ಕುತೂಹಲ ಹತ್ತಿತು. ಲಿಂಬೆ ನೀರು ಬರೀ ಹುಳಿಯಾಯಿತು. ಶುಂಠಿ ಸೋಡಾ ಗಂಟಲು ಸುಟ್ಟಿತು. ಒಣಗಿದ ಪುನರ್ಪುಳಿ ಸಿಪ್ಪೆಯನ್ನು ರಾತ್ರಿಯಿಡೀ ನೆನೆಸಿದರೆ ಬಣ್ಣ ಚೆನ್ನಾಗಿ ಬಂತು, ಆದರೆ ಬಾಯಲ್ಲಿ ತೆಳ್ಳಗೆ. ಆಗ ತಿಳಿಯಿತು, ಸಕ್ಕರೆ ಬರೀ ಸಿಹಿಯಲ್ಲ, ನೀರಿಗೆ ತೂಕವನ್ನೂ ಕೊಡುತ್ತದೆ. ಆ ತೂಕಕ್ಕೆ ನೆನೆದ ಕಾಮಕಸ್ತೂರಿ ಬೀಜ ಹಾಕಿದೆ. ಹುಳಿ ತಗ್ಗಿಸಲು ಉಪ್ಪು, ಹುರಿದ ಜೀರಿಗೆ. ಮಾಷ್ಟ್ರು ಕುಡಿದು, ಲೋಟವನ್ನು ಮತ್ತೆ ಚಾಚಿದರು.

ಮುಂದಿನ ತಿಂಗಳು ಬಂದು ಮೆಲುದನಿಯಲ್ಲಿ ಒಂದು ಕೆಲಸ ಹೇಳಿದರು. ಮಗಳಿಗೆ ಕಾಪುವಿನ ಹುಡುಗನ ಸಂಬಂಧ ಕೂಡಿಬಂದಿತ್ತು. ನಿಶ್ಚಯದ ದಿನ ಇಬ್ಬರು ತಂದೆಯರೂ ಎಲ್ಲರೆದುರು ಸಿಹಿ ಕುಡಿಯಬೇಕು. ತನ್ನ ಕಾಯಿಲೆ ಗೊತ್ತಾದರೆ ಮಗಳಿಗೂ ಬಂದೀತೆಂದು ಹುಡುಗನ ಕಡೆಯವರು ಹಿಂದೆ ಸರಿಯಬಹುದು. ಹಿಂದೊಂದು ಸಂಬಂಧ ಹಾಗೇ ತಪ್ಪಿತ್ತು.

ನಾನು ಬೆಳಗಿನ ಬಸ್ಸಿಗೆ ಕಾರ್ಕಳಕ್ಕೆ ಹೋಗಿ ಎರಡು ಜಗ್ ತುಂಬಿಸಿದೆ. ಎರಡರಲ್ಲೂ ಅದೇ ಕೆಂಪು, ಅದೇ ಬೀಜ. ಸಕ್ಕರೆ ಇಲ್ಲದ್ದರ ಹಿಡಿಗೆ ದಾರ ಕಟ್ಟಿದ್ದೆ. ನೆಂಟರಿಗೆಲ್ಲ ಸಿಹಿ ಕೊಟ್ಟು, ಮಾಷ್ಟ್ರಿಗೆ ಮಾತ್ರ ದಾರದ ಜಗ್ಗಿನಿಂದ ಬಗ್ಗಿಸಿದೆ. ಅವರು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು. ಹುಡುಗನ ತಂದೆ ಅದನ್ನೇ ನೋಡುತ್ತಿದ್ದರು.

"ಬೀಗರಿಗೆ ಕೊಟ್ಟದ್ದು ಬೇರೆ ಉಂಟಾ? ನನಗೂ ಆ ಜಗ್ಗಿಂದಲೇ ಹಾಕಿ ಮಾರಾಯ್ರೆ."

ಮಾಷ್ಟ್ರು ನೆಲ ನೋಡಿದರು. ಜಗ್ ಬದಲಿಸಲು ದಾರಿ ಇರಲಿಲ್ಲ. ಹಾಕಿದೆ. ಹುಡುಗನ ತಂದೆ ಒಂದು ಗುಟುಕು ಬಾಯಲ್ಲಿಟ್ಟುಕೊಂಡು ಯೋಚಿಸಿ, ಇದಕ್ಕೆ ಎಂತೆಂತ ಹಾಕಿದ್ದು ಎಂದು ಕೇಳಿದರು. ಪುನರ್ಪುಳಿ, ಜೀರಿಗೆ, ಉಪ್ಪು, ಕಾಮಕಸ್ತೂರಿ ಎಂದೆ. ಹಾಕದ್ದನ್ನು ಹೇಳಲಿಲ್ಲ.

"ಮೊದಲಿನದ್ದು ಬರೀ ಸಿಹಿ. ಇದಕ್ಕೆ ರುಚಿ ಉಂಟು. ಮದುವೆಗೆ ಇದನ್ನೇ ಮಾಡಿಸುವ, ಅಲ್ವಾ ಬೀಗರೇ?"

ಮಾಷ್ಟ್ರು ತಲೆಯಾಡಿಸಿದರು. ಲೋಟ ಹಿಡಿದ ಅವರ ಕೈ ಆಮೇಲೆಯೇ ಸಡಿಲವಾದದ್ದು. ಮದುವೆಗೆ ಕಾಪುವಿನಲ್ಲಿ ಇನ್ನೂರು ಮಂದಿಗೆ ನಾನೇ ಬಡಿಸಿದೆ. ಸಕ್ಕರೆ ಎಲ್ಲಿ ಎಂದು ಮೂವರು ಮಾತ್ರ ಕೇಳಿದರು. ಅವರಿಗೆ ಬೇರೆ ಇಟ್ಟಿದ್ದೆ.

ಈಗ ನನಗೆ ಮಣಿಪಾಲದಲ್ಲಿ ಒಂದು, ಉಡುಪಿಯಲ್ಲಿ ಒಂದು ಅಂಗಡಿ ಉಂಟು. ಫ್ರಿಜ್ ಮೂರು, ಕೆಲಸದವರು ಐದು ಮಂದಿ, ಸಕ್ಕರೆ ಹಾಕದ ಪಾನೀಯ ಒಂಬತ್ತು ಬಗೆ.