ಆಳಿನೊಡನೆ ಮಾತಾಡದ ಮಾವ

ಕಳೆದ ಸೋಮವಾರ ಹಿರಿಯೂರಿನಿಂದ ಜವನಗೊಂಡನಹಳ್ಳಿಗೆ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತವನ ಹೆಗಲ ಮೇಲೆ ನೆನೆದ ಕಂಬಳಿ ಇತ್ತು. ಆ ಹಸಿ ಉಣ್ಣೆಯ ವಾಸನೆಗೆ ಪಕ್ಕದ ಮನೆಯ ಮಾವ ನೆನಪಾದರು. ನೆಂಟಸ್ತಿಕೆ ಏನಿಲ್ಲ. ಕುರಿ ಸಾಕಿದವರು. ನಾನು ಮಾವ ಎನ್ನುತ್ತಿದ್ದೆ, ಅವರು ನನ್ನನ್ನು ಅಳಿಯ ಎನ್ನುತ್ತಿದ್ದರು. ಆಗ ರಾಜ್ಯಶಾಸ್ತ್ರ ಓದುತ್ತಿದ್ದ ನನ್ನನ್ನು ಕಂಡರೆ ಕೆಣಕದೆ ಬಿಡುತ್ತಿರಲಿಲ್ಲ: “ಏನ್ ಅಳಿಯ, ಅಷ್ಟೊಂದು ದೇಶದ ಜಗಳ ಓದ್ತೀಯ, ಈ ಎರಡು ಟಗರು ಬಿಡಿಸು ನೋಡಾಣ.”

ಅವರ ಒಬ್ಬನೇ ಮಗ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಮೂರು ವರ್ಷದ ಹಿಂದೆ ದೂರದ ಸಮುದ್ರದಲ್ಲಿ ಬಂದೂಕುಧಾರಿಗಳ ಗುಂಪೊಂದು ಆ ಹಡಗನ್ನು ಹಿಡಿದು ತನ್ನ ಬಂದರಿಗೆ ಎಳೆದೊಯ್ದಿತು. ಗುಂಪಿಗೆ ಹಣ, ಮದ್ದುಗುಂಡು ಕೊಟ್ಟು ಸಾಕುತ್ತಿದ್ದದ್ದು ಬೇರೊಂದು ದೇಶ. ಗುಂಪಿನ ಮೇಲೆ ಬಾಂಬು ಹಾಕಬೇಕೆ, ಮಧ್ಯವರ್ತಿಯನ್ನಿಟ್ಟು ಮಾತಾಡಬೇಕೆ, ಸಾಕುವ ದೇಶದ ಮೇಲೆ ಒತ್ತಡ ತರಬೇಕೆ ಎಂದು ಟಿವಿಯಲ್ಲಿ ದಿನವೂ ಚರ್ಚೆ. ಮಾವ ನಮ್ಮ ಮನೆಗೆ ಬಂದು ಕೂತು ಕೇಳುತ್ತಿದ್ದರು. ಅವರಿಗೆ ಅದರಲ್ಲಿ ಯೋಚಿಸುವಂಥದ್ದೇನೂ ಕಾಣಲಿಲ್ಲ.

“ಅನ್ನ ಹಾಕೋನ ಹತ್ರ ಹೋಗ್ಬೇಕು, ಅಷ್ಟೇ.”

ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಯಾರದೋ ಆಳು ತಮ್ಮ ಕುರಿಗೆ ಹೊಡೆದರೆ ಆ ಆಳಿನೊಡನೆ ಒಂದು ಮಾತೂ ಆಡುವುದಿಲ್ಲ. ಯಜಮಾನನ ಅಂಗಳದಲ್ಲಿ ಕಂಬಳಿ ಹಾಸಿ ಕೂರುತ್ತಾರೆ. “ಅವನು ನಮ್ಮ ಆಳೇ” ಎಂದು ಯಜಮಾನ ಒಪ್ಪುವವರೆಗೆ ಆ ಮನೆಯ ನೀರು ಮುಟ್ಟುವುದಿಲ್ಲ. ಒಪ್ಪಿದ ಮೇಲೆ ನಷ್ಟ ತುಂಬಿಕೊಡಲೇಬೇಕು. ಹರಿಯಬ್ಬೆ ಊರಿನಲ್ಲಿ ಮಾವ ಹೀಗೆ ಕೂತು, ಸತ್ತ ಕುರಿಗೆ ಬದಲಾಗಿ ಎರಡು ಮರಿ ಹೊಡೆದುಕೊಂಡು ಬಂದದ್ದನ್ನು ನಾನೇ ನೋಡಿದ್ದೆ.

ಮಾವನೂ ನಾನೂ ಚಿತ್ರದುರ್ಗಕ್ಕೆ ಹೋಗಿ ಅಧಿಕಾರಿಯೊಬ್ಬರನ್ನು ಕಂಡೆವು.

“ಆ ದೇಶದವರನ್ನ ಕೇಳಿದಾರಪ್ಪ. ಗುಂಪು ನಮ್ಮದಲ್ಲ, ನಮ್ಮ ಮಾತು ಕೇಳಲ್ಲ ಅಂತಾರೆ” ಎಂದರು ಅವರು.

“ನಮ್ಮೋರು ಅವರ ಅಂಗಳದಾಗೆ ಕುಂತ್ಕಂಡು ಕೇಳಿದ್ರಾ ಸ್ವಾಮಿ?”

ಅಧಿಕಾರಿ ನಕ್ಕುಬಿಟ್ಟರು. “ಅವರ ಹತ್ರ ಎಣ್ಣೆ ತಗಳ್ತೀವಿ ಯಜಮಾನ್ರೇ. ಹಂಗೆಲ್ಲ ಕುಂತ್ಕಳಾಕೆ ಆಗುತ್ತಾ?”

ಆಮೇಲೆ ಹಡಗಿನ ಕಂಪನಿಯಿಂದ ಫೋನ್ ಬಂತು. ಗುಂಪಿನ ಮುಖಂಡನಿಗೆ ಮನೆಯವರು ಕೈಮುಗಿದು ಬೇಡುವ ವಿಡಿಯೊ ಕಳಿಸಿದರೆ ಮಧ್ಯವರ್ತಿ ತಲುಪಿಸುತ್ತಾನೆ, ಅಂಥವರ ಮಕ್ಕಳನ್ನು ಮೊದಲು ಬಿಡಬಹುದು ಎಂದರು. ನಾನು ಫೋನ್ ಹಿಡಿದು ನಿಂತೆ. ಮಾವ ಅದನ್ನು ಪಕ್ಕಕ್ಕೆ ಸರಿಸಿದರು.

“ಆಳಿಗೆ ಕೈ ಮುಗಿಯಲ್ಲ ಕಣಲೇ. ನಾನು ಮುಗಿದ್ರೆ ಅವನೇ ಯಜಮಾನ ಆಗ್ತಾನೆ. ಅನ್ನ ಹಾಕೋನು ನುಣುಚ್ಕಂತಾನೆ.”

“ನಿನ್ನ ಹಟಕ್ಕೆ ಬೆಂಕಿ ಬೀಳ! ಹುಡ್ಗ ಅಲ್ಲಿ ಸಿಕ್ಕಂಡವ್ನೆ!” ಎಂದು ಮಾವನ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ತಾವೇ ಫೋನಿನ ಮುಂದೆ ಕೂತರು. ಕೈ ಮುಗಿದರು. ಮಾವ ಫೋನ್ ಕಿತ್ತುಕೊಂಡು ಹೊರಗೆ ಹೋದರು...

ಬೇಡಿಕೊಂಡವರ ಮಕ್ಕಳು ಬಂದರು. ವಿಮಾನ ನಿಲ್ದಾಣದಲ್ಲಿ ಅಪ್ಪಿಕೊಂಡು ಅಳುವ ಫೋಟೊ ಪೇಪರಿನಲ್ಲಿ ಬಂತು. ಉಳಿದವರು ಹಡಗಿನಲ್ಲೇ ಉಳಿದರು. ಮುಂದಿನ ತಿಂಗಳು, ಮಾತಿನಿಂದ ಬಗ್ಗುವವರಲ್ಲ ಎಂದು ದೊಡ್ಡ ದೇಶವೊಂದು ಆ ಬಂದರಿಗೆ ಬಾಂಬು ಹಾಕಿತು. ಮಾವನ ಮಗ ಸುಟ್ಟುಹೋದ. ಮಣ್ಣು ಮಾಡಲು ಏನೂ ಬರಲಿಲ್ಲ.

ಗುಂಪನ್ನು ಸಾಕಿದ ದೇಶ, ಸತ್ತ ನಾವಿಕರಿಗೆ ಸಂತಾಪ ಸೂಚಿಸಿತು. ಅದನ್ನು ಮಾವನಿಗೆ ಓದಿ ಹೇಳಿದವನು ನಾನೇ.

“ಆಳು ನನ್ನೋನಲ್ಲ ಅಂದಿದ್ನಲ್ಲ... ಹಂಗಾದ್ರೆ ಸಂತಾಪ ಹೇಳಾಕೆ ಅವನ್ಯಾರು?”

ಆ ವರ್ಷ ಪರೀಕ್ಷೆಯಲ್ಲಿ, ಇಂಥ ಗುಂಪನ್ನು ಎದುರಿಸುವುದು ಹೇಗೆ ಎಂಬ ಪ್ರಶ್ನೆಯೇ ಬಂತು. ಇರುವ ದಾರಿಗಳನ್ನೆಲ್ಲ ಕ್ರಮವಾಗಿ ಬರೆದೆ. ಒಳ್ಳೆಯ ಅಂಕ ಬಂತು. ಮಾವ ಕುರಿಗಳನ್ನು ಮಾರಿ ಜಗಲಿ ಹಿಡಿದರು. ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಅತ್ತೆ ಅವರೊಡನೆ ಸರಿಯಾಗಿ ಮಾತಾಡಲಿಲ್ಲ.

ನಿನ್ನೆ ಸಂಜೆ ಅತ್ತೆ ನಮ್ಮ ಮನೆಯಲ್ಲಿದ್ದರು. ಟಿವಿಯಲ್ಲಿ, ಗುಂಪನ್ನು ಸಾಕಿದ ಆ ದೇಶದ ಮಂತ್ರಿ ದೆಹಲಿಗೆ ಬಂದಿಳಿದದ್ದು, ನಮ್ಮವರು ಶಾಲು ಹೊದಿಸಿದ್ದು, ಆಮೇಲೆ ಊಟದ ಮೇಜು.

“ಇವನೇನಾ?” ಎಂದರು ಅತ್ತೆ.

“ಅವರ ಕಡೆಯವನೇ, ಅತ್ತೆ.”

“ನಿಮ್ಮ ಮಾವ ಇವನ ಅಂಗಳ ಎಲ್ಲೈತೆ ಅಂತ ಕೇಳ್ತಾ ಕೇಳ್ತಾ ಸತ್ರು. ಇವನೇ ಇಲ್ಲಿಗೆ ಬಂದವ್ನೆ... ಉಣ್ಣಾಕೆ ಇಕ್ತಾ ಅವ್ರೆ.”

ನಾನು ಟಿವಿ ಆರಿಸಲು ಎದ್ದೆ.

“ಇರ್ಲಿ ಬಿಡಪ್ಪ,” ಎಂದರು. “ಮುಖ ನೋಡ್ಕಂತೀನಿ.”